ಕಡಲ ಗುಡ್ಡದ ಒಂದು ಸುತ್ತು

ಬರೆದ ಮಾತಿನಲ್ಲಿ ತಪ್ಪಿದ್ದರೆ ಅದನ್ನು ತಿದ್ದುವುದೂ ಬರೆದವರ ಹೊಣೆಯೇ. ಕೆಲವು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ಗೋಕರ್ಣದ ಪ್ರಸ್ತಾಪ ಬಂದಾಗ, ಊರಿನ ದಕ್ಷಿಣಕ್ಕಿರುವ ಕಡಲ ಗುಡ್ಡಗಳನ್ನು ನಾವು ‘ಬರಡು ಕಲ್ಲಿನ ರಾಶಿ’ ಎಂದು ಬರೆದಿದ್ದೆವು. ಅದನ್ನು ಓದಿದ ಕುಮಟೆಯ ನಿವೃತ್ತ ಮಾಸ್ತರರೊಬ್ಬರು, “ಶಾಸ್ತ್ರಿಗಳೇ, ತಾವು ಆ ಗುಡ್ಡವನ್ನು ಪೇಟೆಯಲ್ಲಿ ನಿಂತು ನೋಡಿದ್ದೀರಿ. ಒಮ್ಮೆ ಸುತ್ತಿ ನೋಡಿ, ಜೊತೆಗೆ ನಾನು ಬರುತ್ತೇನೆ” ಎಂದು ಕಾಗದ ಹಾಕಿದರು. ಕಳೆದ ಮಾಘ ಮಾಸದಲ್ಲಿ, ಶಿವರಾತ್ರಿಯ ಜನಸಂದಣಿಗೆ ಮುನ್ನ, ಆ ಸುತ್ತು ಕೈಗೂಡಿತು.

ಬೆಳಕು ಹರಿಯುವ ಮೊದಲೇ ಹೊರಟೆವು. ಮಾಸ್ತರರು ಮೊದಲು ಕರೆದೊಯ್ದುದು ದಂಡೆಯ ದಕ್ಷಿಣ ತುದಿಯ ರಾಮತೀರ್ಥಕ್ಕೆ. ಕೆಲವೇ ಹೆಜ್ಜೆ ಕೆಳಗೆ ಉಪ್ಪಿನ ಕಡಲು. ಇಲ್ಲಿ ಕಲ್ಲಿನ ಬುಡದಿಂದ ಒಸರುವ ಸಿಹಿನೀರು. ಬೊಗಸೆಯೊಡ್ಡಿ ಕುಡಿದೆವು. “ಈ ನೀರು ಎಲ್ಲಿಂದ ಬಂತು, ಹೇಳಿ” ಎಂದು ಮಾಸ್ತರರು ನಕ್ಕರು. ನಾವು ಬರಡೆಂದು ಬರೆದ ಗುಡ್ಡವೇ ಅದರ ತವರು. ಜಂಬಿಟ್ಟಿಗೆ ಕಲ್ಲಿನ ಮೈಯೆಲ್ಲ ತೂತು. ಮಳೆಗಾಲದ ನೀರನ್ನು ಅದು ಹೀರಿ ಹೊಟ್ಟೆಯಲ್ಲಿಟ್ಟುಕೊಂಡು, ಮಳೆ ನಿಂತ ಮೇಲೆ ಬುಡದಲ್ಲಿ ಹನಿಹನಿಯಾಗಿ ಬಿಟ್ಟುಕೊಡುತ್ತದೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆಯೇ ಇದೆಯಲ್ಲವೆ? ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಅದು.

ಗುಡ್ಡವನ್ನೇರಿ ಇಳಿದರೆ ಕುಡ್ಲೆ. ಮತ್ತೊಂದು ಏರು ದಾಟಿದರೆ ಓಂಕಾರದ ಆಕೃತಿಯಲ್ಲಿ ಬಾಗಿದ ಓಂ ದಂಡೆ. ಅಲ್ಲಿಂದ ಮುಂದೆ ವಾಹನದ ದಾರಿಯಿಲ್ಲ. ಹಾಫ್ ಮೂನ್, ಪ್ಯಾರಡೈಸ್ ಎಂದು ಪ್ರವಾಸಿಗರು ಕರೆಯುವ ಪುಟ್ಟ ದಂಡೆಗಳಿಗೆ ದೋಣಿಯಲ್ಲಿ ಹೋಗಬೇಕು, ಇಲ್ಲವೆ ಕಾಡಿನ ಕಾಲುದಾರಿ ಹಿಡಿಯಬೇಕು. ಒಂದು ಕಡೆ ಗಿಡಮರಗಳ ನೆರಳು, ಇನ್ನೊಂದು ಕಡೆ ಪಾತಾಳದಂತೆ ಕಡಲು. ಒಂದು ಇಳುಕಲಿನಲ್ಲಿ ನಮ್ಮ ಮೊಣಕಾಲು ನಡುಗಿ ಕುಳಿತೇಬಿಟ್ಟೆವು. ಕೆಳಗೆ ದೋಣಿಯವನೊಬ್ಬ ಕೈಬೀಸಿ ಕರೆದನು. ಮನಸ್ಸು ಆಸೆಪಟ್ಟಿತು. ಆದರೆ ದೋಣಿಯಲ್ಲಿ ಹೋದರೆ ಮತ್ತೆ ಹೊರಗಿನಿಂದಲೇ ನೋಡಿದಂತಾಗುವುದೆಂದು ಕೋಲೂರಿ ಎದ್ದೆವು.

ಮಧ್ಯಾಹ್ನದ ಹೊತ್ತಿಗೆ ಬೇಲೆಕಾನ ಸೇರಿದೆವು. ಆ ಸೀಮೆಯಲ್ಲಿ ಬೇಲೆಯೆಂದರೆ ಕಡಲ ದಂಡೆ. ಕಾನು ಎಂದರೆ ಕಾಡು. ನಾವು ನಡೆದುಬಂದ ದಾರಿಯೆಲ್ಲ ಆ ಊರಿನ ಹೆಸರಿನಲ್ಲಿ ಕೇಳಿಸಿತು. ಮನೆಯೊಂದರ ತಾಯಿ ಕೇಳದೆಯೇ ಬೆಲ್ಲ, ನೀರು ತಂದಿಟ್ಟರು.

ಮುಂದೆ ತದಡಿ. ಇಲ್ಲಿ ಅಘನಾಶಿನಿ ಕಡಲನ್ನು ಸೇರುತ್ತದೆ. ಶಿರಸಿಯ ಕಡೆಯಿಂದ ಹರಿದುಬರುವ ಈ ನದಿಗೆ ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಇಳಿತದ ಹೊತ್ತಾದ್ದರಿಂದ ಮೊಣಕಾಲುದ್ದದ ಕೆಸರಿನಲ್ಲಿ ಹೆಂಗಸರು, ಗಂಡಸರು ಬಳಚು ಆಯುತ್ತಿದ್ದರು. ನಮಗೆ ಬರಿಯ ರಾಡಿಯಾಗಿ ಕಂಡದ್ದು ಅವರಿಗೆ ಅನ್ನದ ಬಟ್ಟಲು. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ವರ್ಷ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರಗಳೂ ಸೇರಿದವೆಂಬುದನ್ನು ಬಯಲುಸೀಮೆಯ ನಮ್ಮ ಓದುಗರು ಗಮನಿಸಬೇಕು.

ತದಡಿಯಿಂದ ಒಳದಾರಿ ಹಿಡಿದು ಊರ ಕಡೆಗೆ ತಿರುಗಿದಾಗ ಗಜನಿ ಭೂಮಿ ಎದುರಾಯಿತು. ಭರತದ ಉಪ್ಪುನೀರಿಗೆ ಮಣ್ಣಿನ ಒಡ್ಡು ಹಾಕಿ, ತೂಬಿನ ಹಲಗೆಗಳಿಂದ ನೀರನ್ನು ಹಿಡಿದು ಬಿಟ್ಟು ಬೇಸಾಯ ಮಾಡುವ ಗದ್ದೆಗಳಿವು. ಮಳೆ ಬಂದು ಉಪ್ಪು ತೊಳೆದ ಮೇಲೆ ಇಲ್ಲಿ ಕಗ್ಗ ಎಂಬ ಭತ್ತವನ್ನು ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಪೈರು, ಗೊಬ್ಬರ ಬೇಡುವುದಿಲ್ಲ. ಕೊಯ್ಲಿನ ಬಳಿಕ ಗದ್ದೆಗೆ ಮತ್ತೆ ಕಡಲ ನೀರು, ಮೀನು, ಹಕ್ಕಿ. ಆದರೆ ನಾವು ಕಂಡ ಒಡ್ಡು ಅಲ್ಲಲ್ಲಿ ಕುಸಿದಿತ್ತು. ಸಿಗಡಿ ಸಾಕಣೆಯ ಆದಾಯ ಬಂದ ಮೇಲೆ ಎಷ್ಟೋ ಕಡೆ ಭತ್ತ ಹಿಂದೆ ಸರಿದಿದೆ. ಮಕ್ಕಳು ಪಟ್ಟಣ ಸೇರಿದ್ದಾರೆ. ಒಡ್ಡಿನ ಮೇಲೆ ಕುಳಿತಿದ್ದ ವೃದ್ಧ ರೈತರನ್ನು ವಿಚಾರಿಸಿದೆವು. “ಒಡ್ಡು ಒಬ್ಬನ ಕೆಲಸ ಅಲ್ರಾ. ಒಬ್ಬ ಬರದಿದ್ರೆ ಅವನ ಪಾಲಿನದಷ್ಟೇ ಒಡೆಯೂದಿಲ್ಲ, ಎಲ್ಲರ ಗದ್ದೆಯೂ ಹೋಗ್ತದೆ” ಎಂದರು. ಅಷ್ಟು ಹೇಳಿ ಸುಮ್ಮನಾದರು. ನಮಗೂ ಮಾತು ಹೊರಡಲಿಲ್ಲ.

ಸಾಣಿಕಟ್ಟೆಯ ಉಪ್ಪಿನ ಆಗರಗಳು ಇಳಿಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿದ್ದವು. ಅದೇ ಕಡಲ ನೀರು. ಗಜನಿಯಲ್ಲಿ ಅದನ್ನು ತಡೆದರೆ ಅನ್ನ, ಇಲ್ಲಿ ಕಟ್ಟಿ ಬಿಸಿಲಿಗೊಡ್ಡಿದರೆ ಉಪ್ಪು. ನಮ್ಮ ಎಲೆಯ ಮೇಲೆ ಮೊದಲು ಬೀಳುವ ಪದಾರ್ಥದ ಹಿಂದೆ ಎಷ್ಟು ಜನರ ಬೆನ್ನು ಬಾಗಿರುತ್ತದೆ! ದೀಪ ಹಚ್ಚುವ ಹೊತ್ತಿಗೆ ಗೋಕರ್ಣಕ್ಕೆ ಮರಳಿದೆವು. ಬೆಳಿಗ್ಗೆ ಬಿಟ್ಟ ಗುಡ್ಡವೇ ಎದುರಿಗಿತ್ತು. ಬರಡಾಗಿದ್ದುದು ಅದಲ್ಲ, ನಮ್ಮ ನೋಟ.

ಓದುಗ ಬಂಧುಗಳೇ, ಗೋಕರ್ಣಕ್ಕೆ ಹೋಗುವ ಕುಟುಂಬಗಳು ದರ್ಶನ ಮುಗಿಸಿ ಅದೇ ಬಸ್ಸಿಗೆ ಹಿಂದಿರುಗದೆ, ಒಂದು ದಿನವನ್ನು ಈ ಸುತ್ತಿಗೆ ಮೀಸಲಿಡಲಿ. ಮಳೆಗಾಲದಲ್ಲಿ ಬಂಡೆ ಜಾರುವುದರಿಂದ ಬೇಡ. ಕುಡಿಯುವ ನೀರು ಜೊತೆಗಿರಲಿ. ಖಾಲಿಯಾದ ಬಾಟಲಿಯೂ ನಿಮ್ಮೊಡನೆಯೇ ಹಿಂದಿರುಗಲಿ. ಅಘವೆಂದರೆ ಪಾಪ, ಅದನ್ನು ಕಳೆಯುವವಳು ಅಘನಾಶಿನಿ. ನಾವು ಎಸೆದ ಪ್ಲಾಸ್ಟಿಕ್ಕನ್ನು ಕಳೆಯುವ ಶಕ್ತಿ ಆ ತಾಯಿಗೂ ಇಲ್ಲ. ಮಕ್ಕಳನ್ನು ರಾಮತೀರ್ಥದ ಬಳಿ ನಿಲ್ಲಿಸಿ ನೀರು ಕುಡಿಸಿರಿ, ಗಜನಿಯ ಒಡ್ಡಿನ ಮೇಲೆ ನಡೆಸಿರಿ. ಒಡ್ಡು ಒಬ್ಬನ ಕೆಲಸವಲ್ಲವೆಂಬ ಆ ಹಿರಿಯರ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ.

ಹಿಂದಿನ ಬರಹದ ‘ಬರಡು’ ಎಂಬ ಮಾತನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇವೆ. ಮಾಸ್ತರರಿಗೆ ಶರಣು.