ಅಂದಂದಿನ ಅಳತೆ

“ನಮಗೆಲ್ಲಿ ಬರೆಯಲು ಬರುತ್ತದೆ? ಓದಿದವರು ನಕ್ಕಾರು.” ನಾಲ್ಕು ಮಾತು ಬರೆದಿಡಿರೆಂದು ಯಾರಿಗೆ ಹೇಳಿದರೂ ನಮಗೆ ದೊರೆಯುವ ಮೊದಲ ಉತ್ತರ ಇದೇ. ಗೃಹಿಣಿಯರು, ನಿವೃತ್ತ ಶಿಕ್ಷಕರು, ಒಕ್ಕಲುತನದಲ್ಲಿ ಆಯುಷ್ಯ ಸವೆಸಿದ ಹಿರಿಯರು, ಎಲ್ಲರೂ ಇದನ್ನೇ ನುಡಿಯುತ್ತಾರೆ. ಗಂಟೆಗಟ್ಟಲೆ ಸ್ವಾರಸ್ಯವಾಗಿ ಮಾತನಾಡಬಲ್ಲ ಇವರಿಗೆ ಲೇಖನಿ ಹಿಡಿದೊಡನೆ ಕೈ ಓಡುವುದಿಲ್ಲ.

ಇದನ್ನು ನಾವು ಪರಿಹಾಸ್ಯಕ್ಕಾಗಿ ಹೇಳುತ್ತಿಲ್ಲ. ಈ ಅಳುಕಿಗೆ ನಾವೂ ಈಡಾದವರೇ. ಯೌವನದಲ್ಲಿ ಪತ್ರಿಕೆಯೊಂದಕ್ಕೆ ಕಳುಹಿಸಿದ ನಮ್ಮ ಮೊದಲ ಪ್ರಬಂಧವು, ನಾವೇ ವಿಳಾಸ ಬರೆದಿರಿಸಿದ್ದ ಲಕೋಟೆಯಲ್ಲಿ ಮರಳಿ ಬಂದಿತು. ಬರವಣಿಗೆ ನಮ್ಮ ಪಾಲಿನದಲ್ಲವೆಂದು ಬಗೆದು ಹನ್ನೊಂದು ವರ್ಷ ಸುಮ್ಮನಾದೆವು.

ಆ ವರ್ಷಗಳಲ್ಲಿ ನಮ್ಮ ತಾಯಿಯವರು ಬದುಕಿದ್ದರು. ಜೋಳ ಬೀಸುತ್ತ ಹಾಡುವ ಪದಗಳು ಅವರಿಗೆ ಎಷ್ಟೋ ಬಾಯಿಪಾಠವಿದ್ದವು. “ಬರಕೊಳ್ಳಪಾ, ನಾ ಹ್ವಾದ ಮ್ಯಾಲ ಯಾರು ಹೇಳ್ತಾರ?” ಎಂದು ಒಮ್ಮೆ ತಾವಾಗಿಯೇ ಹೇಳಿದರು. ನಾವೇನು ಪಂಡಿತರೇ ಎಂಬ ಸಂಕೋಚದಿಂದ ಮುಂದೂಡಿದೆವು. ಅವರು ಲಿಂಗೈಕ್ಯರಾದ ಬಳಿಕ ನೆನೆದು ಬರೆಯಲು ಕುಳಿತರೆ ಕೈಗೆ ಹತ್ತಿದವು ನಾಲ್ಕೇ ಪದಗಳು, ಅವೂ ಅರೆಬರೆ. ನಾವು ವಿನಯವೆಂದು ಭಾವಿಸಿದ್ದು ವಿನಯವಾಗಿರಲಿಲ್ಲ. ಬರೆದರೆ ಹೊಗಳಿಕೆಯೇ ಬರಬೇಕೆಂಬ ಹಂಬಲವು ಒಳಗಿತ್ತು. ಅದು ದೊರೆಯದೆಂಬ ಭಯವೇ ನಮ್ಮ ಕೈ ಕಟ್ಟಿತ್ತು.

ಆಗ ನಮ್ಮ ಕಣ್ಣು ತೆರೆಸಿದವರು 12ನೆಯ ಶತಮಾನದ ಶರಣರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು, ಕದಿರ ರೆಮ್ಮವ್ವೆಯವರು ನೂಲು ತೆಗೆದವರು. ಮೂವತ್ತಕ್ಕೂ ಮಿಕ್ಕ ವಚನಕಾರ್ತಿಯರ ರಚನೆಗಳು ಇಂದು ನಮಗೆ ದೊರೆತಿವೆ. ಅವರಲ್ಲಿ ಕೆಲವರ ವಚನಗಳು ಬೆರಳೆಣಿಕೆಯಷ್ಟೇ. ಆದರೂ ಎಂಟುನೂರು ವರ್ಷಗಳ ಮೇಲೆ ಅವನ್ನು ಓದುತ್ತಿದ್ದೇವೆ. ತಮ್ಮ ಉದ್ಯೋಗದ ಮಾತನ್ನೇ ಅವರು ನುಡಿಯಾಗಿಸಿದರು, ಪಾಂಡಿತ್ಯಕ್ಕಾಗಿ ಕಾಯಲಿಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ಓದುಗರು ಬಲ್ಲರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಆ ಹೆಚ್ಚಿನದನ್ನು ಮರಳಿ ಸುರಿದು ಬನ್ನಿರೆಂದು ಲಕ್ಕಮ್ಮನವರು ಕಳುಹಿಸಿದರೆಂಬುದು ಪ್ರತೀತಿ. ಬರವಣಿಗೆಯ ಅಭ್ಯಾಸಕ್ಕೂ ಇದೇ ಸೂತ್ರವೆಂಬುದು ನಮ್ಮ ಅನುಭವ. ಅಂದಂದಿಗೆ ಬೇಕಾದಷ್ಟೇ, ಆದರೆ ಯಾವ ದಿನವೂ ತಪ್ಪದಂತೆ.

ನಾವು ನಮಗೆ ಹಾಕಿಕೊಂಡ ಅಳತೆ ಅರ್ಧ ಪುಟ. ಬೆಳಗಿನ ಪೂಜೆ ಮುಗಿದೊಡನೆ, ವೃತ್ತಪತ್ರಿಕೆಯನ್ನಾಗಲಿ ಮೊಬೈಲನ್ನಾಗಲಿ ಮುಟ್ಟುವ ಮುನ್ನ, ಒಂದೇ ಮೂಲೆಯಲ್ಲಿ, ಒಂದೇ ನೋಟುಪುಸ್ತಕದಲ್ಲಿ. ವೇಳೆ ಮತ್ತು ಸ್ಥಳ ಗೊತ್ತಾಗಿದ್ದರೆ, ಇಂದು ಬರೆಯಲೋ ಬೇಡವೋ ಎಂಬ ಚರ್ಚೆಗೆ ಮನಸ್ಸಿಗೆ ಆಸ್ಪದವಿರುವುದಿಲ್ಲ. ಉತ್ಸಾಹ ಬಂದ ದಿನ ಹತ್ತು ಪುಟ ಬರೆದು ಮರುದಿನ ದಣಿದು ಕುಳಿತುಕೊಳ್ಳುವುದಕ್ಕಿಂತ, ಇನ್ನೂ ಹೇಳುವುದಿರುವಾಗಲೇ ನಿಲ್ಲಿಸುವುದು ಲೇಸು. ನಾಳೆಗೆ ಮೊದಲ ವಾಕ್ಯ ಸಿದ್ಧವಾಗಿರುತ್ತದೆ.

ಬರೆದದ್ದನ್ನು ಅಂದೇ ತಿದ್ದಬಾರದು. ಬಿತ್ತಿದ ಬೀಜವನ್ನು ಸಂಜೆಗೇ ಕೆದಕಿ ನೋಡುವ ರೈತನಿಲ್ಲ. ವಾರಕ್ಕೊಮ್ಮೆ ಓದಿ, ಸಲ್ಲದ್ದನ್ನು ಹೊಡೆದುಹಾಕಿದರೆ ಸಾಕು. ಮನೆಯಲ್ಲಿ ಜ್ವರ, ಊರಿನಲ್ಲಿ ಜಾತ್ರೆ, ನೆಂಟರ ಮದುವೆ ಎಂದು ನಡುವೆ ದಿನಗಳು ತಪ್ಪುವುದುಂಟು. ತಪ್ಪಿದ್ದನ್ನು ಬಡ್ಡಿಸಹಿತ ತೀರಿಸಲು ಹೋಗದೆ, ಮರುದಿನದ ಅರ್ಧ ಪುಟವನ್ನಷ್ಟೇ ಬರೆಯಿರಿ.

ಅಳುಕು ಇದರಿಂದ ಪೂರ್ತಿ ಅಳಿಯಿತೆಂದು ನಾವು ಹೇಳಲಾರೆವು. ಇಂದಿಗೂ ಪ್ರತಿ ಬೆಳಿಗ್ಗೆ ಅದು ನಮ್ಮ ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತದೆ. ಅದು ಕುಳಿತಿದ್ದಾಗಲೇ ಅರ್ಧ ಪುಟ ಮುಗಿಸುವುದನ್ನು ಮಾತ್ರ ಕಲಿತಿದ್ದೇವೆ.

ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಅರಸಿ ತಿರುಗಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಅರಸಲು ಹೊರಟಾಗ ದೊರೆಯುವಂತೆ, ಯಾರೋ ಹೆಸರರಿಯದ ಕೈಗಳು ಎಂದೋ ಅವನ್ನು ಗರಿಯ ಮೇಲೆ ಕೊರೆದಿರಿಸಿದ್ದವು. ಹಾಗೆ ಕೊರೆದವರು ತಮ್ಮ ಅಕ್ಷರ ದುಂಡಗಿಲ್ಲವೆಂದು ಹಿಂಜರಿದಿದ್ದರೆ ಹಳಕಟ್ಟಿಯವರ ಕೈಗೆ ಬರುತ್ತಿದ್ದುದೇನು?

ನಿಮ್ಮ ಮನೆಯಲ್ಲಿಯೂ ಹಾಡು ಬಲ್ಲ ಅಜ್ಜಿ, ಬರಗಾಲ ಕಂಡ ಅಜ್ಜ ಇದ್ದಾರು. ಒಂದು ನೋಟುಪುಸ್ತಕ ಕೊಂಡು ತನ್ನಿ. ನಾಳೆ ಬೆಳಿಗ್ಗೆ ಅವರ ಬಳಿ ಕುಳಿತು ಒಂದು ಮಾತು ಕೇಳಿ, ಅವರಾಡಿದಂತೆಯೇ ಅರ್ಧ ಪುಟ ಬರೆಯಿರಿ. ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಮುಂದೆ ನೋಡೋಣ. ನಮಗೆ ಕೇಳುವ ಅವಕಾಶವಿತ್ತು, ನಾವು ಕೇಳಲಿಲ್ಲ. ನೀವು ತಡಮಾಡಬೇಡಿ.