ಚೋಪೋ ಪೇಟೆಯ ಶನಿವಾರ

ಹಣವಿದ್ದವರು ಅಂಗಡಿಗೆ ಹೋಗಿ ತಮಗೆ ಬೇಕಾದ ಹಾಡಿನ ರಿಕಾರ್ಡನ್ನು ಕೊಂಡುತರುವುದು ಎಲ್ಲ ಊರುಗಳಲ್ಲಿಯೂ ನಡೆದುಬಂದ ಪದ್ಧತಿ. ಆದರೆ ಹಣದ ಚೀಲವನ್ನು ಮನೆಯಲ್ಲಿಯೇ ಬಿಟ್ಟು, ತನ್ನಲ್ಲಿರುವ ರಿಕಾರ್ಡೊಂದನ್ನು ಕಂಕುಳಲ್ಲಿ ಇರಿಸಿಕೊಂಡು ಹೋಗಬೇಕಾದ ಪೇಟೆಯೂ ಜಗತ್ತಿನಲ್ಲಿ ಒಂದುಂಟು. ಮೆಕ್ಸಿಕೋ ನಗರದ ಬುಯೆನಾವಿಸ್ತಾ ರೈಲು ನಿಲ್ದಾಣದ ಬಳಿ, ಅಲ್ಡಾಮಾ ಎಂಬ ಬೀದಿಯಲ್ಲಿ, ಪ್ರತಿ ಶನಿವಾರ ಅದು ನೆರೆಯುತ್ತದೆ. ಅದರ ಹೆಸರು ಚೋಪೋ.

ಬೀದಿಯ ಮೊದಲ ಭಾಗವನ್ನಷ್ಟೇ ಕಂಡವರಿಗೆ ಇದು ಬೇರೆ ಸಂತೆಗಳಿಗಿಂತ ಭಿನ್ನವಾಗಿ ತೋರದು. ಬಟ್ಟೆಯ ಮೇಲಾಪುಗಳ ಕೆಳಗೆ ಕಪ್ಪು ಅಂಗಿಗಳು, ದಪ್ಪ ಅಟ್ಟೆಯ ಬೂಟುಗಳು, ಮೊಳೆ ಹೊಡೆದ ಚರ್ಮದ ಪಟ್ಟಿಗಳು, ವಾದ್ಯಗಾರರ ಚಿತ್ರಪಟಗಳು. ವ್ಯಾಪಾರವೂ ಜೋರು, ಚೌಕಾಶಿಯೂ ಜೋರು. ಇವನ್ನೆಲ್ಲ ದಾಟಿ ಬೀದಿಯ ಹಿಂತುದಿಯನ್ನು ಮುಟ್ಟಿದಾಗ ಚೋಪೋ ಪೇಟೆಯ ಹುರುಳು ತಿಳಿಯುತ್ತದೆ. ಅಲ್ಲಿ ಅಂಗಡಿಗಳಿಲ್ಲ. ಜನರು ತಮ್ಮ ರಿಕಾರ್ಡುಗಳನ್ನು ಎದೆಗವಚಿಕೊಂಡು ನಿಂತಿರುತ್ತಾರೆ, ಇಲ್ಲವೆ ನೆಲದ ಮೇಲೆ ಹರಡಿಕೊಂಡು ಕುಳಿತಿರುತ್ತಾರೆ. ಒಬ್ಬರ ಕಟ್ಟನ್ನು ಮತ್ತೊಬ್ಬರು ಒಂದೊಂದಾಗಿ ಮಗುಚಿ ನೋಡುತ್ತಾರೆ. ಒಪ್ಪಿಗೆಯಾದರೆ ಇವರದು ಅವರಿಗೆ, ಅವರದು ಇವರಿಗೆ. ತನಗೆ ಬೇಡವಾದುದನ್ನು ತಂದವನಿಗೆ ಅಲ್ಲಿ ಯಾರೂ ಬೇಕಾದುದನ್ನು ಕೊಡುವುದಿಲ್ಲ. ಆದುದರಿಂದ ಒಳ್ಳೆಯ ರಿಕಾರ್ಡೊಂದನ್ನು ಪಡೆಯಬೇಕಾದರೆ ಒಳ್ಳೆಯದೊಂದನ್ನು ಬಿಟ್ಟುಕೊಡಲೇಬೇಕು. ‘ಇದನ್ನು ಕೇಳಿ ನೋಡಿ, ಚೆನ್ನಾಗಿದೆ’ ಎಂಬ ಮಾತು ಬೇರೆಡೆಯಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಇಲ್ಲಿ ಅದನ್ನು ಆಡಿದವನು ಬರಿಗೈಯಾಗುತ್ತಾನೆ.

ಚೋಪೋ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಪಾಪ್ಲರ್ ಮರ. ಹಿಂದೆ ಆ ಹೆಸರಿದ್ದ ಬೀದಿಯೊಂದರಲ್ಲಿ ಎರಡು ಗೋಪುರಗಳುಳ್ಳ ಕಬ್ಬಿಣ ಮತ್ತು ಗಾಜಿನ ಕಟ್ಟಡವೊಂದಿದೆ. 1902ರಲ್ಲಿ ಜರ್ಮನಿಯ ಡ್ಯೂಸೆಲ್ಡಾರ್ಫ್ ನಗರದ ಪ್ರದರ್ಶನಕ್ಕಾಗಿ ಕಟ್ಟಿದುದನ್ನು ಬಿಚ್ಚಿ, ಹಡಗಿನಲ್ಲಿ ತಂದು, ಇಲ್ಲಿ ಮರಳಿ ಜೋಡಿಸಿದರು. ಬಹುಕಾಲ ಅದು ನಿಸರ್ಗ ಇತಿಹಾಸದ ಸಂಗ್ರಹಾಲಯವಾಗಿದ್ದು, ಡೈನೋಸಾರಿನ ದೊಡ್ಡ ಎಲುಬುಗೂಡೊಂದು ಅದರ ಹೆಮ್ಮೆಯಾಗಿತ್ತು. 1960ರ ದಶಕದಲ್ಲಿ ಬಾಗಿಲು ಮುಚ್ಚಿದ ಮೇಲೆ, 1975ರಲ್ಲಿ ವಿಶ್ವವಿದ್ಯಾನಿಲಯವು ಅದನ್ನು ಕಲಾಮಂದಿರವಾಗಿ ಮತ್ತೆ ತೆರೆಯಿತು. ಮುಂದೆ ಕಾದಂಬರಿಗಾರ್ತಿಯಾಗಿ ಹೆಸರು ಗಳಿಸಿದ ಆಂಖೆಲೆಸ್ ಮಾಸ್ತ್ರೆತ್ತಾ ಅವರು ಅದರ ನಿರ್ದೇಶಕಿಯಾಗಿದ್ದಾಗ, ಹೋರ್ಹೆ ಪಾಂತೋಹಾ ಎಂಬವರು ಒಂದು ಸಲಹೆಯನ್ನು ಮುಂದಿಟ್ಟರು: ಶನಿವಾರಗಳಂದು ರಿಕಾರ್ಡು ಪ್ರಿಯರು ಬಂದು ತಮ್ಮತಮ್ಮಲ್ಲಿ ವಿನಿಮಯ ಮಾಡಿಕೊಳ್ಳಲಿ. 1980ರ ಅಕ್ಟೋಬರಿನಲ್ಲಿ, ಕೆಲವೇ ಶನಿವಾರಗಳ ಮಟ್ಟಿಗೆಂದು ಆರಂಭವಾದ ಈ ಏರ್ಪಾಡು ನಿಲ್ಲಲೇ ಇಲ್ಲ. ಅಜ್ಜಂದಿರಿಗೆ ಚೋಪೋ ಎಂದೊಡನೆ ನೆನಪಾಗುವುದು ಎಲುಬುಗೂಡು. ಮೊಮ್ಮಕ್ಕಳಿಗೆ ಗಿಟಾರಿನ ಗರ್ಜನೆ. ಎರಡರ ನಡುವೆ ಅಂತಹ ವ್ಯತ್ಯಾಸವೇನೂ ಇಲ್ಲವೆಂದು ವಾದಿಸುವ ಹಿರಿಯರೂ ಇರಬಹುದು.

ಅಂಗಡಿಗಳಿದ್ದ ನಗರದಲ್ಲಿ ಇಂತಹ ವಿನಿಮಯದ ಅಗತ್ಯವೇಕೆ ಬಿದ್ದಿತು? ಉತ್ತರಕ್ಕಾಗಿ ಒಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. 1971ರ ಸೆಪ್ಟೆಂಬರ್ 11ರಂದು, ರಾಜಧಾನಿಯ ಪಶ್ಚಿಮಕ್ಕಿರುವ ಅವಾಂದರೋ ಎಂಬಲ್ಲಿ, ಮೋಟಾರು ಪಂದ್ಯವೊಂದರ ಜೊತೆಗೆ ರಾಕ್ ಸಂಗೀತದ ಗೋಷ್ಠಿಯೂ ಏರ್ಪಟ್ಟಿತು. ಬಂದು ಸೇರಿದ ತರುಣರ ಸಂಖ್ಯೆ ಲಕ್ಷವನ್ನು ಮೀರಿ, ಪಂದ್ಯವನ್ನೇ ಕೈಬಿಡಬೇಕಾಯಿತು. ರಾತ್ರಿಯಿಡೀ ಹಾಡು ನಡೆಯಿತು. ವೇದಿಕೆಯ ಮೇಲಿನ ಬೈಗುಳು ರೇಡಿಯೋದಲ್ಲಿ ಮನೆಮನೆಗೂ ಕೇಳಿಸಿದಾಗ ಪ್ರಸಾರವನ್ನು ಕತ್ತರಿಸಿಹಾಕಿದರು. ಮರುದಿನದ ಪತ್ರಿಕೆಗಳಲ್ಲಿ ಅಮಲು, ಬತ್ತಲೆ ಎಂಬ ಮಾತುಗಳೇ ತುಂಬಿದ್ದುವು. 1968ರಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ್ದ ಸರ್ಕಾರಕ್ಕೆ, ತರುಣರ ದೊಡ್ಡ ಗುಂಪು ಎಂಬುದೇ ದುಃಸ್ವಪ್ನವಾಗಿತ್ತು. ಅಂದಿನಿಂದ ರಾಕ್ ಸಂಗೀತಕ್ಕೆ ಸಭಾಂಗಣಗಳು ದೊರೆಯದಾದುವು, ರೇಡಿಯೋ ಮೌನ ತಾಳಿತು, ಕಂಪನಿಗಳು ಕೈಚೆಲ್ಲಿದುವು. ಹಾಡುಗಾರರು ಊರ ಹೊರಗಿನ ಗೋದಾಮುಗಳನ್ನು ಸೇರಿದರು. ಅಂತಹ ಜಾಗಗಳಿಗೆ ಜನರು ‘ಬಿಲ’ಗಳೆಂದೇ ಹೆಸರಿಟ್ಟರು.

ಆ ವರ್ಷಗಳಲ್ಲಿ ಹೊರಬಂದ ಆಲ್ಬಮ್‌ಗಳ ಗತಿಯನ್ನು ಊಹಿಸಬಹುದು. ಅವಾಂದರೋ ಗೋಷ್ಠಿಯನ್ನು ಆರಂಭಿಸಿದವರು ದುರಾಂಗೋ ಪ್ರಾಂತದ ಡಗ್ ಡಗ್ಸ್ ತಂಡದವರು. ಅದುವರೆಗೆ ಇಂಗ್ಲಿಷಿನಲ್ಲಿ ಹಾಡುತ್ತಿದ್ದ ಈ ತಂಡವು ‘ಸ್ಮೋಗ್’ ಎಂಬ ಆಲ್ಬಮ್‌ನಲ್ಲಿ ತನ್ನ ತಾಯ್ನುಡಿಗೆ ಮರಳಿತು. ಅದರಲ್ಲಿ ನಾಯಕ ಅರ್ಮಾಂದೋ ನಾವಾ ಅವರ ಕೊಳಲು ಭಾರವಾದ ಗಿಟಾರಿನ ಮೇಲೆ ಹಕ್ಕಿಯಂತೆ ಕುಳಿತು ಹಾರುತ್ತದೆ. ಗ್ವಾದಲಹಾರಾ ನಗರದ ತೊಂಚೋ ಪಿಲಾತೋಸ್ ತಂಡದವರು ಆದಿವಾಸಿಗಳ ಕೊಳಲು ತಮಟೆಗಳನ್ನು ವಿದ್ಯುತ್ ಗಿಟಾರಿನೊಡನೆ ಬೆರೆಸಿದರು. ಇವೆರಡನ್ನೂ ಹೊರದೇಶದ ಪ್ರಸಿದ್ಧ ತಂಡಗಳ ಸಮಕ್ಕೆ ಇಟ್ಟು ಕೇಳಬಹುದು. ಎರಡನೆಯದನ್ನು ಒಂದು ಮೆಟ್ಟಿಲು ಮೇಲಕ್ಕಿಟ್ಟರೂ ತಪ್ಪಿಲ್ಲ. ಆದರೆ ರೇಡಿಯೋದಲ್ಲಿ ಕೇಳದ ಹಾಡನ್ನು ಅಂಗಡಿಯಲ್ಲಿ ಯಾರು ಕೇಳಿಯಾರು? ಇಂತಹ ರಿಕಾರ್ಡುಗಳಿಗೆ ಉಳಿದ ದಾರಿಯೆಂದರೆ ಕೈಯಿಂದ ಕೈಗೆ ಹೋಗುವುದೊಂದೇ. ಚೋಪೋ ಆ ಕೈಗಳನ್ನು ಒಂದೆಡೆ ಸೇರಿಸಿತು.

1982ರಲ್ಲಿ ಮೆಕ್ಸಿಕೋದ ನಾಣ್ಯದ ಬೆಲೆ ಕುಸಿದು, ಹೊರದೇಶದ ರಿಕಾರ್ಡು ಸಾಮಾನ್ಯರ ಕೈಗೆಟುಕದಂತಾಯಿತು. ಆಗ ನೆರವಿಗೆ ಬಂದುದು ಕ್ಯಾಸೆಟ್. ರಿಕಾರ್ಡನ್ನು ಒತ್ತಲು ಕಾರ್ಖಾನೆ ಬೇಕು. ಕ್ಯಾಸೆಟ್ಟಿನ ಪ್ರತಿ ತೆಗೆಯಲು ಎರಡು ಯಂತ್ರಗಳೂ ಒಂದು ತಂತಿಯೂ ಸಾಕು. ಕಬ್ಬಿಣದ ಪುಡಿ ಲೇಪಿಸಿದ ಆ ಪಟ್ಟಿಯ ಗುಣವೇನೆಂದರೆ, ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಹಾಡಿನ ಹಿಂದಿನ ‘ಹಿಸ್’ ಎಂಬ ಸದ್ದು ಏರುತ್ತ ಹೋಗುತ್ತದೆ. ಪಳಗಿದ ಕಿವಿಯವರು ಆ ಸದ್ದಿನಿಂದಲೇ ಹಾಡು ಎಷ್ಟು ಮನೆಗಳನ್ನು ಹೊಕ್ಕು ಬಂದಿದೆಯೆಂದು ಊಹಿಸಬಲ್ಲರು.

ಇಂತಹ ಕ್ಯಾಸೆಟ್ಟುಗಳಲ್ಲಿ ಒಂದು ‘ಉರ್ಬನಿಸ್ತೋರಿಯಾಸ್’. ತಾಂಪಿಕೋ ಬಂದರಿನಿಂದ ರಾಜಧಾನಿಗೆ ಬಂದು, ಬೀದಿಗಳಲ್ಲಿಯೂ ಸಣ್ಣ ಹೋಟೆಲುಗಳಲ್ಲಿಯೂ ಹಾಡುತ್ತಿದ್ದ ರಾಕ್‌ದ್ರಿಗೋ ಗೊನ್ಸಾಲೆಸ್ 1984ರಲ್ಲಿ ಅದನ್ನು ತಾನಾಗಿಯೇ ಸಿದ್ಧಪಡಿಸಿದ. ನಿಜನಾಮ ರೊದ್ರಿಗೋ, ರಾಕ್ ಎಂಬುದನ್ನು ಅದರೊಳಗೆ ಸೇರಿಸಿಕೊಂಡಿದ್ದ. ಕ್ಯಾಸೆಟ್ಟಿನ ಹೆಸರೂ ಅಂತಹುದೇ ಚೇಷ್ಟೆ: ‘ನಗರ’ ಮತ್ತು ‘ಕಥೆಗಳು’ ಎಂಬೆರಡು ಮಾತುಗಳನ್ನು ಬೆಸೆದು, ಕಥೆಯ ಮೊದಲಿದ್ದ ಉಚ್ಚಾರವಿಲ್ಲದ ಅಕ್ಷರವನ್ನು ಕಿತ್ತು ನಗರದ ತಲೆಯ ಮೇಲೆ ಕೂರಿಸಿದ್ದ. ಒಂದು ಗಿಟಾರು, ಒಂದು ಮೌತ್ ಆರ್ಗನ್, ಸ್ವಲ್ಪ ಒರಟಾದ ಕಂಠ, ಇಷ್ಟೇ ಸಾಮಗ್ರಿ. ವಾದ್ಯವೃಂದಕ್ಕೆ ಹಣವಿಲ್ಲದ ಅವನೂ ಅವನ ಸಂಗಡಿಗರೂ ತಮ್ಮನ್ನು ‘ರುಪೆಸ್ತ್ರೆ’ ಎಂದು ಕರೆದುಕೊಂಡರು. ಆದಿಮಾನವನು ಬಂಡೆಗಲ್ಲಿನ ಮೇಲೆ ಬರೆದ ಚಿತ್ರಗಳಿಗೆ ಸಲ್ಲುವ ಮಾತದು. ಕಾರ್ಯಕ್ರಮ ಮುಗಿದ ಮೇಲೆ ಅವನೇ ಕ್ಯಾಸೆಟ್ಟುಗಳನ್ನು ಮಾರುತ್ತಿದ್ದ.

ಅದರಲ್ಲಿ ಬಾಲ್ದೆರಾಸ್ ಎಂಬ ಸುರಂಗ ರೈಲು ನಿಲ್ದಾಣದ ಮೇಲೆ ಒಂದು ಹಾಡುಂಟು. ಎರಡು ಮಾರ್ಗಗಳು ಕೂಡುವ ಆ ನಿಲ್ದಾಣದ ಜನಜಂಗುಳಿಯಲ್ಲಿ ಪ್ರಿಯತಮೆಯನ್ನು ಕಳೆದುಕೊಂಡವನೊಬ್ಬ, ವರ್ಷಗಳು ಕಳೆದರೂ ಆ ನಿಲ್ದಾಣದ ಹೆಸರನ್ನು ಸಹಿಸಲಾರ. ಕೇಳುವವರಿಗೆ ಮೊದಲು ನಗು ಬರುತ್ತದೆ, ಹಾಡು ಮುಗಿಯುವ ಹೊತ್ತಿಗೆ ನಕ್ಕುದಕ್ಕಾಗಿ ನಾಚಿಕೆಯಾಗುತ್ತದೆ. ಅವಾಂದರೋ ಗೋಷ್ಠಿಯಲ್ಲಿ ಕೊನೆಯದಾಗಿ ಹಾಡಿದ್ದ ತಂಡವು ‘ಎಲ್ ತ್ರಿ’ ಎಂಬ ಹೊಸ ಹೆಸರಿನಲ್ಲಿ ಇದನ್ನು ತಾನೂ ಹಾಡಿತು. ಮಾತುಗಳನ್ನು ಬದಲಿಸಿ, ಡೋಲು ಗಿಟಾರುಗಳ ಅಬ್ಬರವನ್ನು ಕೂಡಿಸಿ ಮಾಡಿದ ಆ ರೂಪವು ದೇಶವನ್ನೆಲ್ಲ ಸುತ್ತಿತು. ಅದು ಆ ತಂಡದ್ದೇ ಹಾಡೆಂದು ತಿಳಿದವರು ಬಹಳ ಮಂದಿ. ಅಬ್ಬರದಲ್ಲಿ ನಗು ಉಳಿದಿದೆ, ನಾಚಿಕೆ ಉಳಿದಿಲ್ಲ. ಮೂಲವನ್ನು ಕೇಳಬೇಕಾದವರು ಕ್ಯಾಸೆಟ್ಟನ್ನೇ ಹುಡುಕಬೇಕಾಗಿತ್ತು.

1985ರ ಸೆಪ್ಟೆಂಬರ್ 19ರ ಬೆಳಗ್ಗೆ, ಗಂಟೆ ಏಳು ದಾಟಿ ಕೆಲವೇ ನಿಮಿಷಗಳಾಗಿದ್ದಾಗ, ಮೆಕ್ಸಿಕೋ ನಗರವು ನಡುಗಿತು. ಹಿಂದೊಮ್ಮೆ ಸರೋವರವಾಗಿದ್ದ ಮೆದುನೆಲದ ಮೇಲೆ ಕಟ್ಟಿದ ಊರಾದುದರಿಂದ, ದೂರದ ಕಡಲತೀರದಲ್ಲಿ ಹುಟ್ಟಿದ ಕಂಪನವು ಇಲ್ಲಿ ಇಮ್ಮಡಿ ಮುಮ್ಮಡಿಯಾಯಿತು. ಸಾವಿರಾರು ಜನ ಸತ್ತರು. ಹುವಾರೆಸ್ ಬಡಾವಣೆಯಲ್ಲಿ ಉರುಳಿಬಿದ್ದ ವಸತಿಗೃಹವೊಂದರ ಅಡಿಯಲ್ಲಿ ರಾಕ್‌ದ್ರಿಗೋ ಮತ್ತು ಅವನ ಸಂಗಾತಿ ಸಿಲುಕಿ ಅಸುನೀಗಿದರು. ಅವನಿಗೆ ಆಗ 34 ವರ್ಷ.

ಸಿದ್ಧವಾಗಿ ವರ್ಷ ಒಂದಾಗಿದ್ದ ಆ ಕ್ಯಾಸೆಟ್ಟಿನ ಕಥೆಯೂ ಅಂದಿಗೇ ಮುಗಿಯಬಹುದಾಗಿತ್ತು. ಮಾರುವವನೇ ಇರಲಿಲ್ಲ. ಆದರೆ ಕೊಂಡವರು ಪ್ರತಿ ತೆಗೆದರು, ಪ್ರತಿ ಪಡೆದವರು ಮತ್ತೆ ಪ್ರತಿ ತೆಗೆದರು. ಮುಂದಿನ ವರ್ಷಗಳಲ್ಲಿ ಪೆಂತಗ್ರಾಮಾ ಎಂಬ ಸಂಸ್ಥೆಯು ಅದನ್ನು ಮುದ್ರಿಸಿ ಹೊರತಂದಾಗ, ಹಿಸ್ ಎಂಬ ಸದ್ದಿನ ಹಿಂದೆ ಆ ಹಾಡುಗಳನ್ನು ಬಾಯಿಪಾಠ ಮಾಡಿದ್ದ ಕೇಳುಗರು ಆಗಲೇ ಇದ್ದರು. ಬಾಲ್ದೆರಾಸ್ ನಿಲ್ದಾಣದಲ್ಲಿ ಈಗ ಅವನ ಪ್ರತಿಮೆಯನ್ನು ನಿಲ್ಲಿಸಲಾಗಿದೆ. ಕೆಲಸಕ್ಕೆ ಓಡುವ ಜನ ಅದರ ಪಕ್ಕದಲ್ಲಿಯೇ ತಳ್ಳಾಡಿಕೊಂಡು ಸಾಗುತ್ತಾರೆ.

ಮೆಟಲ್ ಸಂಗೀತದ ಪ್ರಿಯರಿಗೂ ಚೋಪೋ ತವರುಮನೆ. ಲುಸ್ಬೆಲ್ ಎಂಬ ತಂಡವು 1985ರಲ್ಲಿ ‘ಸ್ವರ್ಗದಿಂದ ಬಿದ್ದ ಲೋಹ’ ಎಂಬರ್ಥದ ಹೆಸರಿನ ಕಿರು ರಿಕಾರ್ಡನ್ನು ಹೊರತಂದಿತು. ಲುಸ್ಬೆಲ್ ಎಂದರೆ ಸ್ವರ್ಗಭ್ರಷ್ಟನಾದ ದೇವದೂತ. ಶ್ಲೇಷೆ ಅಲ್ಲಿಯೇ ಇದೆ. ಹತ್ತು ವರ್ಷದೊಳಗೆ ಗಾಳಿ ತಿರುಗಿ, ದೊಡ್ಡ ಕಂಪನಿಗಳೇ ಸ್ಪ್ಯಾನಿಷ್ ರಾಕ್ ಸಂಗೀತವನ್ನು ಅರಸಿ ಬಂದುವು. ಕಾಫೆ ತಾಕುಬಾ ತಂಡದ ‘ರೆ’ ಎಂಬ 1994ರ ಆಲ್ಬಮ್ ಹೊರದೇಶಗಳಲ್ಲಿಯೂ ಕೀರ್ತಿ ಪಡೆಯಿತು. ಕೀರ್ತಿ ಪಡೆದುದನ್ನು ಹುಡುಕಲು ಚೋಪೋಗೆ ಹೋಗಬೇಕಾಗಿಲ್ಲ.

ಪೇಟೆಯ ಬಾಳೇನೂ ಸುಗಮವಾಗಿರಲಿಲ್ಲ. ಸಂಗ್ರಹಾಲಯದೊಳಗೆ ಎರಡು ವರ್ಷ ಕಳೆಯುವಷ್ಟರಲ್ಲಿ ಬೀದಿಗೆ ಬೀಳಬೇಕಾಯಿತು. ನೆರೆಹೊರೆಯವರ ದೂರು, ಪೋಲೀಸರ ಕಾಟ ಇವುಗಳಿಂದ ಜಾಗದಿಂದ ಜಾಗಕ್ಕೆ ಅಲೆದು, 1980ರ ದಶಕದ ಕೊನೆಗೆ ಅಲ್ಡಾಮಾ ಬೀದಿಯಲ್ಲಿ ಅದು ನೆಲೆ ಕಂಡಿತು. ಅಂಗಿ ಬೂಟುಗಳ ವ್ಯಾಪಾರವು ಬೆಳೆದು ವಿನಿಮಯದವರನ್ನು ಹಿಂತುದಿಗೆ ಒತ್ತಿತೆಂದು ಹಳಬರು ಗೊಣಗುವುದುಂಟು. ಗೊಣಗಿದರೂ ಶನಿವಾರ ತಪ್ಪಿಸುವುದಿಲ್ಲ.

ಸಂಜೆ ಐದರ ಹೊತ್ತಿಗೆ ಬೀದಿಯುದ್ದಕ್ಕೂ ಮೇಲಾಪುಗಳು ಇಳಿಯತೊಡಗುತ್ತವೆ, ಕಬ್ಬಿಣದ ಕೊಳವೆಗಳ ಸದ್ದು ಕೇಳುತ್ತದೆ. ಹಿಂತುದಿಯವರಿಗೆ ಇಳಿಸತಕ್ಕ ಮೇಲಾಪು ಯಾವುದೂ ಇಲ್ಲ. ಬೆಳಕಿರುವವರೆಗೂ ಅವರು ಒಬ್ಬರ ಕಟ್ಟನ್ನು ಒಬ್ಬರು ಮಗುಚುತ್ತಲೇ ಇರುತ್ತಾರೆ.