ಗಟ್ಟಿ ಆಯಿಲ್ಲಿನ ಭ್ರಮೆ

"ಗಟ್ಟಿ ಆಯಿಲ್ ಹಾಕಿದರೆ ಎಂಜಿನ್ನೂ ಗಟ್ಟಿಯಾಗಿರುತ್ತದೆ" ಎಂದು ಬೆಳಗಾವಿಯಲ್ಲಿ ಕಲಿತವರೂ ಹೇಳುತ್ತಾರೆ. ಇದು ಮೂಢನಂಬಿಕೆಯೇ ಸರಿ. ಸ್ನಿಗ್ಧತೆಯ ಪಾಠವನ್ನು ಓದಿದ ನನ್ನ ವಿದ್ಯಾರ್ಥಿಗಳಾದರೂ ಇದನ್ನು ಒಪ್ಪಬಾರದು.

ಬಿಸಿಯೇರಿದಂತೆ ಎಣ್ಣೆಯ ಸ್ನಿಗ್ಧತೆ ಇಳಿಯುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ಸ್ನಿಗ್ಧತೆಯು 100 ಡಿಗ್ರಿಯಲ್ಲಿ ಸುಮಾರು ಆರರಲ್ಲೊಂದು ಪಾಲಾಗುತ್ತದೆ. '10 ಡಬ್ಲ್ಯೂ 30' ಎಂಬುದರಲ್ಲಿ ಮೊದಲ ಅಂಕಿ ಚಳಿಯಲ್ಲಿನ ಹರಿವನ್ನೂ, ಎರಡನೆಯದು 100 ಡಿಗ್ರಿಯ ಸ್ನಿಗ್ಧತೆಯನ್ನೂ ಸೂಚಿಸುತ್ತದೆ. ಡಿಸೆಂಬರಿನ ನಸುಕಿನಲ್ಲಿ ಅತಿ ಗಟ್ಟಿಯಾದ ಆಯಿಲ್ ಬೇರಿಂಗುಗಳನ್ನು ತಡವಾಗಿ ಮುಟ್ಟುತ್ತದೆ. ಲೋಹಕ್ಕೆ ಲೋಹ ಉಜ್ಜಿ ಸವೆಯುವುದು ಆಗಲೇ. ಅದೇ ಕ್ಷಣದಲ್ಲಿ ಎಕ್ಸಲರೇಟರ್ ತಿರುವಿ ಗರ್ಜಿಸುವ ಶೂರರಿಗೆ ಏನೆನ್ನೋಣ!

ಟಿಳಕವಾಡಿಯಿಂದ ಖಡೇಬಜಾರಿಗಷ್ಟೇ ಓಡಾಡುವ ಗಾಡಿ 'ಕಡಿಮೆ ಓಡಿದೆ' ಎಂಬ ಹೆಮ್ಮೆಯೂ ಪೊಳ್ಳು. ಅದರ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ನೀರಿನಂಶವೂ ಪೆಟ್ರೋಲೂ ಅದರಲ್ಲೇ ಉಳಿಯುತ್ತವೆ. ನಿತ್ಯ ಖಾನಾಪುರಕ್ಕೆ ಹೋಗಿಬರುವ ಗಾಡಿಗೆ ಆ ಕಾಟ ಕಡಿಮೆ.

ಹಾಗೆಂದು ತೆಳುವಾದದ್ದೆಲ್ಲ ಶ್ರೇಷ್ಠವಲ್ಲ. ಹೊರೆ ಹೊತ್ತು ಚೋರ್ಲಾ ಘಾಟ್ ಏರುವಾಗ ಎಣ್ಣೆಯ ಪದರ ಹರಿಯಬಾರದು. ಆದ್ದರಿಂದಲೇ ತಯಾರಕರು ದರ್ಜೆಯನ್ನು ಕೈಪಿಡಿಯಲ್ಲಿ ಮುದ್ರಿಸಿರುವುದು. ಅದನ್ನೇ ಹಾಕಿಸಿರಿ, ಹೊರಟ ಮೊದಲ ಕೆಲವು ಕಿಲೋಮೀಟರು ಮೆಲ್ಲಗೆ ಸಾಗಿರಿ. ಸಾಲ ಮಾಡಿ ಗಾಡಿ ಕೊಂಡವನು ಅಜ್ಞಾನಕ್ಕೂ ಕಂತು ಕಟ್ಟಬೇಕೇ?